ಪಾಪ ಮತ್ತು ಅಶುದ್ಧಿ: ಬೈಬಲಿನಲ್ಲಿ ಸಮುದಾಯದ ಹೊಣೆ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಪಾಪ ಮಾಡಿದವನು ಒಬ್ಬನಾದರೂ ಅದರ ಫಲ ಇಡೀ ಜನಕ್ಕೆ ತಟ್ಟುತ್ತದೆ. ದೇವರು ಇಸ್ರಾಯೇಲರ ಪಾಳೆಯದ ನಡುವೆಯೇ ಗುಡಾರದಲ್ಲಿ ನೆಲೆಸಿದ್ದಾನೆಂಬ ನಂಬಿಕೆ ಇದರ ಬುಡದಲ್ಲಿದೆ. ಜನರ ದೋಷ ಆ ಗುಡಾರವನ್ನೂ ನಾಡಿನ ನೆಲವನ್ನೂ ಕೆಡಿಸುತ್ತದೆ. ಕೆಟ್ಟ ನೆಲ ತನ್ನ ನಿವಾಸಿಗಳನ್ನೇ ಕಾರಿಬಿಡುತ್ತದೆ ಎಂದು ಯಾಜಕಕಾಂಡದ 18ನೆಯ ಅಧ್ಯಾಯ ಎಚ್ಚರಿಸುತ್ತದೆ.

ಅಶುದ್ಧಿಯೆಲ್ಲ ಪಾಪವಲ್ಲ. ಹೆರಿಗೆ, ಮುಟ್ಟು, ಹೆಣದ ಸೋಂಕು ಇವು ಬದುಕಿನಲ್ಲಿ ಬಂದೇ ಬರುವಂಥವು. ಗಂಡು ಹೆತ್ತ ತಾಯಿಗೆ ಒಟ್ಟು 40 ದಿನ, ಹೆಣ್ಣು ಹೆತ್ತವಳಿಗೆ 80, ಹೆಣ ಮುಟ್ಟಿದವನಿಗೆ 7 ದಿನ ಎಂದು ವಿಧಿಯಿದೆ. ಸಾವಿನ ಸೂತಕ, ಹೆರಿಗೆಯ ಪುರುಡು ಹಿಡಿಯುವ ಚೋರನೂರು, ಸಂಡೂರು ಕಡೆಯವರಿಗೆ ಈ ಲೆಕ್ಕ ಅಪರಿಚಿತವೇನಲ್ಲ. ಆದರೆ ಹೆಣ ಮುಟ್ಟಿ ಶುದ್ಧಿ ಮಾಡಿಕೊಳ್ಳದೆ ಉಳಿದವನು ದೇವರ ಗುಡಾರವನ್ನು ಹೊಲೆ ಮಾಡಿದಂತೆ; ಅಂಥವನನ್ನು ಜನರಿಂದ ತೆಗೆದುಹಾಕಬೇಕೆಂದು ಅರಣ್ಯಕಾಂಡ ಹೇಳುತ್ತದೆ.

ಅರಿಯದೆ ಮಾಡಿದ ತಪ್ಪಿಗೆ ಕೊಡುವ ಬಲಿಯಲ್ಲಿ ಅಂತಸ್ತು ನೋಡಲಾಗುತ್ತಿತ್ತು. ಸಾಮಾನ್ಯನಿಗೆ ಹೆಣ್ಣು ಆಡು ಅಥವಾ ಕುರಿ, ಅಧಿಪತಿಗೆ ಹೋತ, ಮಹಾಯಾಜಕನಿಗೆ ಹೋರಿ. ಇಡೀ ಸಮೂಹ ತಪ್ಪಿದರೂ ಒಂದೇ ಹೋರಿ. ಯಾಜಕನೊಬ್ಬನ ತಪ್ಪು ಊರೆಲ್ಲದರ ತಪ್ಪಿಗೆ ಸಮನೆಂಬ ಈ ತೂಕ ಗಮನಾರ್ಹ.

ಒಬ್ಬನ ಪಾಪ ಎಲ್ಲರಿಗೂ ತಟ್ಟುತ್ತದೆಂಬುದಕ್ಕೆ ಆಕಾನನೆಂಬ ಇಸ್ರಾಯೇಲನ ಕಥೆ ಕಠೋರ ನಿದರ್ಶನ. ಯೆರಿಕೋ ಪಟ್ಟಣ ಇಸ್ರಾಯೇಲರ ಕೈಗೆ ಬಿದ್ದಾಗ ಅವನು ಮುಟ್ಟಬಾರದ ಕೊಳ್ಳೆಯಿಂದ ಒಂದು ನಿಲುವಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲ್ ತೂಕದ ಚಿನ್ನದ ಗಟ್ಟಿ ಕದ್ದು ಡೇರೆಯಲ್ಲಿ ಹೂತಿಟ್ಟ. ಆಯಿ ಪಟ್ಟಣದ ಮುಂದೆ ಇಸ್ರಾಯೇಲರು ಸೋತರು, 36 ಮಂದಿ ಸತ್ತರು. ಸತ್ತವರಿಗೆ ಕಳ್ಳತನದ ಸುಳಿವೂ ಇರಲಿಲ್ಲ.

ಕೊಲೆಗಾರ ಸಿಗದಿದ್ದಾಗ ಏನು ಮಾಡಬೇಕೆಂಬುದನ್ನು ಧರ್ಮೋಪದೇಶಕಾಂಡದ 21ನೆಯ ಅಧ್ಯಾಯ ತಿಳಿಸುತ್ತದೆ. ಹೆಣ ಬಿದ್ದ ಹೊಲದಿಂದ ಸುತ್ತಲ ಊರುಗಳಿಗೆ ದೂರ ಅಳೆಯಬೇಕು. ಅತಿ ಹತ್ತಿರದ ಊರಿನ ಹಿರಿಯರು ನೊಗ ಕಾಣದ ಕಡಸನ್ನು ಉಳದ, ಬಿತ್ತದ, ನೀರು ಹರಿಯುವ ಕಣಿವೆಗೆ ಒಯ್ದು ಕುತ್ತಿಗೆ ಮುರಿದು, ಅದರ ಮೇಲೆ ಕೈ ತೊಳೆದು, ಈ ರಕ್ತ ತಾವು ಸುರಿಸಿದ್ದಲ್ಲ ಎಂದು ಹೇಳಬೇಕು. ಯಾರೂ ತಪ್ಪೊಪ್ಪದ ಕೊಲೆಗೂ ಊರು ಉತ್ತರ ಕೊಡಲೇಬೇಕಿತ್ತು.

ವರ್ಷಕ್ಕೊಮ್ಮೆ ದೋಷಪರಿಹಾರಕ ದಿನದಲ್ಲಿ ಎರಡು ಹೋತಗಳ ಮೇಲೆ ಚೀಟಿ ಹಾಕುತ್ತಿದ್ದರು. ಒಂದರ ರಕ್ತದಿಂದ ಗರ್ಭಗುಡಿಯ ಶುದ್ಧಿ. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಕೈಯಿಟ್ಟು ಜನರ ಪಾಪಗಳನ್ನೆಲ್ಲ ಒಪ್ಪಿಕೊಂಡು ಅದನ್ನು ಅಡವಿಗೆ ಅಟ್ಟಿಸುತ್ತಿದ್ದ. ಚಿತ್ರದುರ್ಗ, ಬಳ್ಳಾರಿ ಕಡೆಯ ಕೆಲವು ಹಳ್ಳಿಗಳ ಹೊರಬೀಡಿನಲ್ಲಿ ಕೇಡು ಕಳೆಯಲೆಂದು ಜನರೇ ಊರು ಬಿಟ್ಟು ಹೊರಗಿರುತ್ತಾರೆ. ಬೈಬಲಿನ ವಿಧಿಯಲ್ಲಿ ಜನ ಉಳಿಯುತ್ತಾರೆ, ಕೇಡು ಹೊತ್ತ ಹೋತ ಹೊರಡುತ್ತದೆ.

ಪ್ರವಾದಿ ಯೆಹೆಜ್ಕೇಲ ಈ ಹೊಣೆಯನ್ನು ತಪ್ಪು ಮಾಡಿದವನಿಗೇ ಸೀಮಿತಗೊಳಿಸಿದ: ಪಾಪ ಮಾಡಿದವನೇ ಸಾಯುವನು, ತಂದೆಯ ದೋಷವನ್ನು ಮಗ ಹೊರಬೇಕಿಲ್ಲ. ಯೇಸು ಅಶುದ್ಧಿಯ ಮೂಲವನ್ನು ಊಟ, ಪಾತ್ರೆಗಳಿಂದ ತೆಗೆದು ಮನುಷ್ಯನ ಹೃದಯದಲ್ಲಿಟ್ಟ. ಆದರೂ ಸಮುದಾಯದ ಮಾತು ಅಲ್ಲಿಗೇ ನಿಲ್ಲಲಿಲ್ಲ. ಕೊರಿಂಥದ ಸಭೆಯಲ್ಲಿ ಒಬ್ಬನು ತಂದೆಯ ಹೆಂಡತಿಯನ್ನು ಇಟ್ಟುಕೊಂಡಾಗ ಪೌಲ ಅವನಿಗಿಂತ ಹೆಚ್ಚಾಗಿ ಸುಮ್ಮನಿದ್ದ ಸಭೆಯನ್ನೇ ತರಾಟೆಗೆ ತೆಗೆದುಕೊಂಡ.

ಈ ಬೋಧನೆ ಕನ್ನಡಕ್ಕೆ ಬಂದದ್ದು ಮುಖ್ಯವಾಗಿ ಬಳ್ಳಾರಿಯ ಮೂಲಕ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡದಲ್ಲಿ ಸಿಕ್ಕಿತು. ಮಡಿ-ಮೈಲಿಗೆಯ ನಾಡಿನಲ್ಲಿ ಹುಟ್ಟಿದ ಸಭೆಗಳಿಗೆ ಎದುರಾದ ಪ್ರಶ್ನೆ ಸಹಪಂಕ್ತಿಯದು, ಅಂದರೆ ಎಲ್ಲ ಜಾತಿಯವರೂ ಒಟ್ಟಿಗೆ ಕೂತು ಉಣ್ಣುವುದು. ಬಳ್ಳಾರಿ ಸೇರಿದ್ದ ಮದ್ರಾಸ್ ಪ್ರಾಂತ್ಯದ ಮಿಷನರಿ ಸಮ್ಮೇಳನ 1850ರಲ್ಲಿ ಅದಕ್ಕೆ ಉತ್ತರ ಕೊಟ್ಟಿತು: ಜಾತಿಭೇದ ಬಿಡಲೊಪ್ಪದವರಿಗೆ ದೀಕ್ಷಾಸ್ನಾನವಿಲ್ಲ.