ನೀಲಗಿರಿಯ ಎರಡು ತೈಲಗಳು

ನೆಗಡಿಗೆ ನೀಲಗಿರಿ ಎಣ್ಣೆಯನ್ನು ಮೂಸದ ಕನ್ನಡಿಗರು ವಿರಳ. ಆದರೆ ಈ ಎಣ್ಣೆಯನ್ನು ಕೊಡುವ ಮರ ನೀಲಗಿರಿಯದಲ್ಲ. ಅದು ಆಸ್ಟ್ರೇಲಿಯದ ಯೂಕಲಿಪ್ಟಸ್. ಕನ್ನಡ ನಾಡಿಗೂ ಅದು ನೀಲಗಿರಿಯ ಮೂಲಕ ಬಂದುದಲ್ಲ. ಸುಮಾರು ೧೭೯೦ರಲ್ಲಿಯೇ ಟಿಪ್ಪು ಸುಲ್ತಾನನ ನಂದಿಬೆಟ್ಟದ ತೋಟದಲ್ಲಿ ಅದನ್ನು ನೆಡಲಾಯಿತೆಂದು ಹೇಳುವರು. ನೀಲಗಿರಿಯಲ್ಲಿ ಅದನ್ನು ೧೮೪೩ರಲ್ಲಿ ನೆಟ್ಟವನು ಮದರಾಸಿನ ಸೈನ್ಯದ ಇಂಜಿನಿಯರ್ ಕ್ಯಾಪ್ಟನ್ ಕಾಟನ್. ಉದಕಮಂಡಲದಲ್ಲಿ ವಸತಿ ಹೆಚ್ಚಿ, ಶೋಲಾ ಕಾಡುಗಳು ಒಲೆಗೆ ಬಲಿಯಾಗತೊಡಗಿದಾಗ, ೧೮೫೬ರಿಂದ ಸೌದೆಗಾಗಿ ಇದರ ತೋಪುಗಳು ಎದ್ದವು. ಎಣ್ಣೆಯು ಅನಂತರ ದೊರೆತ ಲಾಭ.

ಎಲೆಗಳನ್ನು ತಾಮ್ರದ ಹಂಡೆಯಲ್ಲಿ ತುಂಬಿ, ಆವಿ ಹಾಯಿಸಿ, ಆ ಆವಿಯನ್ನು ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುವುದು. ಅದರ ಮುಖ್ಯಾಂಶವನ್ನು ೧೮೭೦ರಲ್ಲಿ ಫ್ರಾನ್ಸಿನ ಕ್ಲೊಎ ಎಂಬ ವಿಜ್ಞಾನಿ ಯೂಕಲಿಪ್ಟಾಲ್ ಎಂದು ಕರೆದನು. ಸಿನಿಯೋಲ್ ಎಂಬುದೂ ಇದರದೇ ಹೆಸರು. ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದೇ; ಉಳಿದುದರಲ್ಲಿ ಪೈನೀನ್, ಲಿಮೊನೀನ್ ಮೊದಲಾದುವು ಇವೆ.

ಇನ್ನು ಈ ಬೆಟ್ಟದ ಸ್ವಂತ ತೈಲದ ಮಾತು. ಶೋಲಾ ಅಂಚಿನಲ್ಲಿ, ತೆರೆದ ಇಳಿಜಾರಿನಲ್ಲಿ ಬೆಳೆಯುವ ಒಂದು ಪೊದೆಗಿಡವಿದೆ. ಸಸ್ಯಶಾಸ್ತ್ರದಲ್ಲಿ ಅದು ಗಾಲ್ಥೀರಿಯ. ಎಲೆಯನ್ನು ಹಿಸುಕಿದರೆ ಕೀಲುನೋವಿನ ಮುಲಾಮಿನ ವಾಸನೆ! ಕಾರಣ, ಎರಡರಲ್ಲಿಯೂ ಇರುವುದು ಮಿಥೈಲ್ ಸ್ಯಾಲಿಸಿಲೇಟ್. ಎಲೆಯಲ್ಲಿ ಅದು ಸಕ್ಕರೆಯೊಡನೆ ಬಂಧಿತವಾಗಿರುತ್ತದೆ. ನೀರಿನಲ್ಲಿ ನೆನೆಸಿದಾಗ ಬಿಡುಗಡೆಯಾಗುತ್ತದೆ. ಆದುದರಿಂದ ಬಟ್ಟಿಯಿಳಿಸುವ ಮೊದಲು ಎಲೆಯನ್ನು ನೆನೆಹಾಕಬೇಕು. ಈ ಎಣ್ಣೆ ನೀರಿಗಿಂತ ಭಾರ, ತೇಲದೆ ತಳಕ್ಕಿಳಿಯುವುದು.

ಉದಕಮಂಡಲದಲ್ಲಿ ಸಿಂಕೋನಾ ತೊಗಟೆಯ ಪರೀಕ್ಷೆಗೆ ಸರ್ಕಾರ ನೇಮಿಸಿದ್ದ ರಸಾಯನಜ್ಞ ಬ್ರೌಟನ್ ೧೮೭೧ರಲ್ಲಿ ಈ ಎಣ್ಣೆಯ ಬಗ್ಗೆ ವರದಿ ಮಾಡಿದನು. ಕೆನಡದ ವಿಂಟರ್‌ಗ್ರೀನ್ ಎಣ್ಣೆಗಿಂತ ಇದು ಶುದ್ಧವೆಂಬುದು ಅವನ ಮತ. ಇದರಿಂದ ಕ್ರಿಮಿನಾಶಕ ಕಾರ್ಬಾಲಿಕ್ ಆಮ್ಲವನ್ನೂ ತೆಗೆದನು. ಆದರೆ ಕಲ್ಲಿದ್ದಲ ಡಾಂಬರಿನಿಂದ ಬರುವ ಆಮ್ಲವೇ ಅಗ್ಗ. ಬೆಲೆಯ ಮುಂದೆ ಶುದ್ಧತೆ ಸೋತಿತು.

ಹೀಗೆ ಹೊರಗಿನಿಂದ ಬಂದ ಮರ ಬೆಟ್ಟದ ಹೆಸರನ್ನೇ ಪಡೆಯಿತು. ಬೆಟ್ಟದ ಗಿಡ ಮರೆಗೆ ಸರಿಯಿತು. ಹೆಸರು ಹೋದ ವಸ್ತುವನ್ನು ಕಾಪಾಡುವವರು ಕಡಮೆ. ಕನ್ನಡಕ್ಕೆ ಬಲು ಹತ್ತಿರದ ನುಡಿಯಾದ ಬಡಗದಲ್ಲಿ, ತೋಡ, ಕೋತ, ಕುರುಂಬರ ನುಡಿಗಳಲ್ಲಿ ಇಂಥ ಗಿಡಗಳನ್ನು ಏನೆನ್ನುವರು, ಯಾವುದಕ್ಕೆ ಬಳಸುವರು ಎಂಬುದನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡಬೇಕು. ಗೂಡಲೂರು, ಮಸಿನಗುಡಿಗಳ ಶಾಲೆಗಳಲ್ಲಿರುವ ಉಪಾಧ್ಯಾಯ ಮಿತ್ರರಿಗೆ ಇದು ಅಸಾಧ್ಯವಲ್ಲ. ಒಂದು ನೋಟ್‌ಪುಸ್ತಕ, ಒಂದು ರಜೆಯ ದಿನ, ದಾರಿ ತೋರಲು ಒಬ್ಬ ವಿದ್ಯಾರ್ಥಿ ಇದ್ದರೆ ಸಾಕು.