ಸೊಲ್ಲಾಪುರದ ಡಾಕ್ಟರು, ಚೀನಾದ ಯುದ್ಧ

ಬಾಗಲಕೋಟೆಯಿಂದ ಸೊಲ್ಲಾಪುರದ ಬಸ್ ಹತ್ತಿ. ಅನಗವಾಡಿಯಲ್ಲಿ ಘಟಪ್ರಭೆ ದಾಟ್ತೀರಿ, ಕೊಲ್ಹಾರದಲ್ಲಿ ಕೃಷ್ಣೆ ದಾಟ್ತೀರಿ, ವಿಜಯಪುರ ಬಿಟ್ಟರೆ ಮುಂದೆ ಸೊಲ್ಲಾಪುರ. ಸಿದ್ಧರಾಮನ ಊರು, ಚಾದರದ ಊರು. ಡಾ. ದ್ವಾರಕಾನಾಥ ಕೊಟ್ನಿಸ್ 1910ರಲ್ಲಿ ಹುಟ್ಟಿದ್ದು ಅಲ್ಲಿ. ತೀರಿಕೊಂಡಿದ್ದು ಮಾತ್ರ ಚೀನಾದಲ್ಲಿ.

1937ರಲ್ಲಿ ಜಪಾನ್ ಚೀನಾ ಮೇಲೆ ಮುಗಿಬಿತ್ತು. ಚೀನಾದ ಸೇನಾನಿ ಝು ದೆ ನಮ್ಮ ನೆಹರೂ ಅವರಿಗೆ ಪತ್ರ ಬರೆದು ವೈದ್ಯರ ನೆರವು ಕೇಳಿದರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ಜನರಿಂದ ಹಣ ಕೂಡಿಸಿದರು. 1938ರಲ್ಲಿ ಐವರು ವೈದ್ಯರು ಹಡಗು ಹತ್ತಿದರು. ಮುಂಬೈನಲ್ಲಿ ಓದು ಮುಗಿಸಿದ್ದ ಕೊಟ್ನಿಸ್ ಅವರಲ್ಲಿ ಒಬ್ಬರು.

ಈಗ ನೀವು ಕೇಳಬಹುದು: ನಾವೇ ಬ್ರಿಟಿಷರ ಕೈಯಲ್ಲಿದ್ದಾಗ ಊರ ಉಸಾಬರಿ ಯಾಕೆ ಬೇಕಿತ್ತು? ನೋಡಿ, ಪರರ ಆಳ್ವಿಕೆ ಅಂದರೇನು ಅಂತ ಅನುಭವಿಸಿದವರಿಗೇ ಅದರ ನೋವು ಬೇಗ ಗೊತ್ತಾಗುತ್ತೆ. ಬಲ್ಗೇರಿಯಾದ ಪೆಟ್ಕೊ ವೊಯಿವೊಡ ತನ್ನ ನಾಡು ಇನ್ನೂ ತುರ್ಕರ ಕೈಯಲ್ಲಿದ್ದಾಗಲೇ ಕ್ರೀಟ್ ದ್ವೀಪದವರ ಪರ ಬಂದೂಕು ಹಿಡಿದಿದ್ದ. ನಮ್ಮ ಕೊಟ್ನಿಸ್ ಹಿಡಿದದ್ದು ಶಸ್ತ್ರಚಿಕಿತ್ಸೆಯ ಕತ್ತಿ. ಅಷ್ಟೇ ವ್ಯತ್ಯಾಸ.

ಚೀನಾದಲ್ಲಿದ್ದಾಗಲೇ ತಂದೆ ತೀರಿಕೊಂಡ ಸುದ್ದಿ ಬಂತು. ಅವರು ಊರಿಗೆ ಹೊರಡಲಿಲ್ಲ. ಜೊತೆಗೆ ಬಂದವರಲ್ಲಿ ಕೆಲವರು ಮರಳಿದರು, ಇವರು ಎಂಟನೇ ಮಾರ್ಗ ಸೇನೆಯ ಜೊತೆ ಬೆಟ್ಟಗುಡ್ಡ ಅಲೆದರು. 1940ರಲ್ಲಿ ಒಂದು ಕಾಳಗದ ವೇಳೆ 72 ಗಂಟೆ ನಿದ್ದೆಯಿಲ್ಲದೆ ಗಾಯಾಳುಗಳಿಗೆ ಆಪರೇಷನ್ ಮಾಡಿದರು. 1941ರಲ್ಲಿ ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ಅದೇ ವರ್ಷ ಗುವೊ ಚಿಂಗ್‌ಲಾನ್ ಎಂಬ ನರ್ಸ್ ಅವರನ್ನು ಮದುವೆಯಾದರು. ಮಗನಿಗೆ ಇಟ್ಟ ಹೆಸರು ಯಿನ್‌ಹುವಾ. ಯಿನ್ ಅಂದರೆ ಭಾರತ, ಹುವಾ ಅಂದರೆ ಚೀನಾ. ಆ ಕೂಸಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. 1942ರ ಡಿಸೆಂಬರ್ 9ರಂದು ಮೂರ್ಛೆರೋಗ ಅಪ್ಪನನ್ನು ಕೊಂಡೊಯ್ಯಿತು. ವಯಸ್ಸು ಬರೀ 32.

1962 ಬಂತು, 2020ರಲ್ಲಿ ಗಲ್ವಾನ್ ಆಯಿತು. ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಆ ಸಿಟ್ಟು ನ್ಯಾಯವಾದದ್ದೇ. ಹಾಗಂತ ಕೊಟ್ನಿಸ್ ಹೆಸರು ಹೇಳೋಕೆ ನಾವು ಹಿಂಜರಿಯಬೇಕಾ? ಅವರು ಯಾವ ಸರ್ಕಾರದ ಗಡಿ ಕಾಯೋಕೂ ಹೋದವರಲ್ಲ, ಪೆಟ್ಟು ತಿಂದವರ ಗಾಯ ಕಟ್ಟೋಕೆ ಹೋದವರು. ಚೀನಾಕ್ಕೆ ಅವರ ಋಣ ನೆನಪಿಸಬೇಕಾದವರು ನಾವು. ನಾವೇ ಮರೆತರೆ ನೆನಪಿಸೋದು ಯಾರು?