ಹಳೆಯ ಪೆಟ್ಟಿಗೆ, ಹೊಸ ಹಾಡು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮನೆಯ ಅಟ್ಟಕ್ಕೆ ವಿಶೇಷವಾದ ಸ್ಥಾನವುಂಟು. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಹರಡಿ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ನೀರು ಬತ್ತಿ, ತಿರುಳು ಕರಟವನ್ನು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕಾಯಿ ಹದಕ್ಕೆ ಬಂದಿದೆಯೇ ಎಂಬುದನ್ನು ರೈತ ಒಡೆದು ನೋಡುವುದಿಲ್ಲ. ಅಲುಗಿಸಿ, ಗಡಗಡ ಸದ್ದನ್ನು ಕೇಳಿ ತಿಳಿಯುತ್ತಾನೆ. ಹೀಗೆ ಕಿವಿಯನ್ನು ನಂಬಿ ಬದುಕುವ ಈ ಸೀಮೆಯಲ್ಲಿ, ಅದೇ ಅಟ್ಟದ ಇನ್ನೊಂದು ಮೂಲೆಯಲ್ಲಿ ಹಳೆಯ ವಾಲ್ವ್ ರೇಡಿಯೊ, ಗ್ರಾಮಫೋನು, ಕ್ಯಾಸೆಟ್ಟುಗಳ ಗಂಟು ಉಳಿದಿರುವುದುಂಟು. ಕೆಳಗೆ ನಡುಮನೆಯಲ್ಲಿ ಮೊಮ್ಮಕ್ಕಳು ಅಂತರಜಾಲದಿಂದ ಹರಿದುಬರುವ ಹಾಡನ್ನು ಅಂಗೈಯಗಲದ ಫೋನಿನಲ್ಲಿ ಕೇಳುತ್ತಾರೆ. ಕೆಳಗಿನ ಹಾಡನ್ನೂ ಅಟ್ಟದ ಪೆಟ್ಟಿಗೆಯನ್ನೂ ಒಂದುಗೂಡಿಸಬಹುದೇ? ಒಂದುಗೂಡಿಸಿದರೆ ಬರುವ ಲಾಭವೇನು?

ಈ ಪ್ರಶ್ನೆ ತೋರುವಷ್ಟು ಹೊಸದಲ್ಲ. ಒಂದು ಸಂಗೀತಯಂತ್ರ ಬಂದು ಹಿಂದಿನದನ್ನು ಹೊರದೂಡಿತೆಂಬುದು ಅರ್ಧ ಸತ್ಯ ಮಾತ್ರ. ಮನೆಯೊಳಗಿನ ಸಂಗೀತದ ಚರಿತ್ರೆಯನ್ನು ನೋಡಿದರೆ, ಹೊಸ ಯಂತ್ರ ಬಹುಮಟ್ಟಿಗೆ ಹಳೆಯದರ ಬೆನ್ನನ್ನು ಆತುಕೊಂಡೇ ಒಳಗೆ ಬಂದಿದೆ.

ಗ್ರಾಮಫೋನಿನಿಂದ ಆರಂಭಿಸೋಣ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡ ಗ್ರಾಮಫೋನ್ ಕಂಪನಿ, 1908ರ ಹೊತ್ತಿಗೆ ಅಲ್ಲಿಯೇ ತಟ್ಟೆಗಳನ್ನು ತಯಾರಿಸತೊಡಗಿತು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅರಗು ಬೆರೆಸಿ ಮಾಡಿದ ಆ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷದ ಹಾಡಿಗಷ್ಟೇ ಜಾಗ. ತೆಂಗಿನ ಸೀಮೆಗೆ ಇದು ದೂರದ ಸುದ್ದಿಯಲ್ಲ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನ ತುಂಬ ಹೆಸರಾಯಿತು. ರಾತ್ರಿಯೆಲ್ಲ ನಡೆಯುತ್ತಿದ್ದ ನಾಟಕಗಳ ಹಾಡುಗಳು ಮೂರು ನಿಮಿಷಕ್ಕೆ ಮೈ ಕುಗ್ಗಿಸಿಕೊಂಡು ತಟ್ಟೆಯನ್ನೇರಿದಾಗ, ಡೇರೆ ಕಿತ್ತು ಕಂಪನಿ ಮುಂದಿನ ಊರಿಗೆ ಹೋದ ಮೇಲೂ ಹಾಡು ಉಳಿದುಕೊಳ್ಳುವಂತಾಯಿತು. ಕೀಲಿ ಕೊಟ್ಟು ನಡೆಸುವ ಯಂತ್ರಕ್ಕೆ ವಿದ್ಯುತ್ತಿನ ಹಂಗಿರಲಿಲ್ಲ. ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಹುಟ್ಟಿದರೂ ಹಳ್ಳಿಗಳಿಗೆ ಅದು ತಲುಪಲು ದಶಕಗಳೇ ಬೇಕಾದ ನಾಡಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಅನಂತರ ಬಂದದ್ದು ರೇಡಿಯೊ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಮುಂದೆ ದೇಶದ ಬಾನುಲಿಗೆಲ್ಲ ಹೆಸರಾದ ‘ಆಕಾಶವಾಣಿ’ ಎಂಬ ಮಾತು ಆ ಕೇಂದ್ರದ್ದು. 1955ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ಆರಂಭವಾಯಿತು. 1957ರಲ್ಲಿ ವಿವಿಧ ಭಾರತಿ ಬಂದಿತು. ಮನೆಯ ಸೂರಿನಿಂದ ಮರಕ್ಕೆ ಎಳೆದು ಕಟ್ಟಿದ ಏರಿಯಲ್ ತಂತಿ ಆ ದಿನಗಳ ಗುರುತು. ತೋಟದ ಮನೆಗೆ ತೆಂಗಿನ ಮರಕ್ಕಿಂತ ಎತ್ತರದ ಕಂಬ ಬೇರೆ ಬೇಕಿರಲಿಲ್ಲ.

ಈಗ ಆ ರೇಡಿಯೊವನ್ನು ತಿರುಗಿಸಿ ಅದರ ಬೆನ್ನನ್ನು ನೋಡಬೇಕು. ಏರಿಯಲ್ ಮತ್ತು ಭೂಸಂಪರ್ಕದ ತೂತುಗಳ ಪಕ್ಕದಲ್ಲಿ, ಅನೇಕ ರೇಡಿಯೊಗಳಲ್ಲಿ, ಇನ್ನೆರಡು ತೂತುಗಳಿರುತ್ತವೆ. ಹತ್ತಿರದಲ್ಲಿ ತಟ್ಟೆಯ ಗುರುತೋ ‘ಗ್ರಾಮ್’ ಎಂಬ ಅಕ್ಷರವೋ ಇರುತ್ತದೆ. ಗ್ರಾಮಫೋನ್ ತಟ್ಟೆಯ ಹಾಡನ್ನು ರೇಡಿಯೊದ ವಾಲ್ವುಗಳ ಮೂಲಕ, ರೇಡಿಯೊದ ಸ್ಪೀಕರಿನಲ್ಲಿ ಕೇಳಲು ತಯಾರಕರು ಬಿಟ್ಟ ಕಿಂಡಿಯಿದು. ರೇಡಿಯೊ ಗ್ರಾಮಫೋನನ್ನು ಕೊಲ್ಲಲಿಲ್ಲ, ತನ್ನ ಗಂಟಲನ್ನು ಅದಕ್ಕೆ ಎರವಲು ಕೊಟ್ಟಿತು. ಕ್ಯಾಸೆಟ್ಟಿನ ಕಾಲದಲ್ಲಿ ಕೆಲವರು ಇದೇ ಕಿಂಡಿಗೆ ಟೇಪ್ ರೆಕಾರ್ಡರನ್ನು ಜೋಡಿಸಿದರು. ಇಂದು ಅಲ್ಲಿಗೆ ಫೋನು ಬಂದಿರುವುದು ಆ ಸಾಲಿನ ಮುಂದುವರಿಕೆ.

ಜೋಡಣೆ ಸಾಧ್ಯವಾಗುವುದಕ್ಕೆ ಕಾರಣ ಸರಳ. ಅಂದಿನ ಸ್ಫಟಿಕದ ಪಿಕಪ್ಪು ಹುಟ್ಟಿಸುತ್ತಿದ್ದ ವಿದ್ಯುತ್ ಸಂಕೇತವೂ ಇಂದಿನ ಫೋನು ಅಥವಾ ಬ್ಲೂಟೂತ್ ಗ್ರಾಹಕ ಕೊಡುವ ಸಂಕೇತವೂ ಬಲದಲ್ಲಿ ಹೆಚ್ಚುಕಡಿಮೆ ಒಂದೇ ಅಂತಸ್ತಿನವು. ಫೋನಿನ ಹಾಡಿಗೆ ಎಡಬಲವೆಂದು ಎರಡು ದಾರಿಗಳು, ರೇಡಿಯೊಗೆ ಒಂದೇ. ಆದುದರಿಂದ ಎರಡನ್ನೂ ನೇರವಾಗಿ ಹೊಸೆಯದೆ, ಒಂದೊಂದಕ್ಕೂ ಒಂದು ರೋಧಕವನ್ನು ಸೇರಿಸಿ ಕೂಡಿಸಬೇಕು. 1970-80ರ ದಶಕಗಳ ಸ್ಟೀರಿಯೊ ಆಂಪ್ಲಿಫೈಯರುಗಳಲ್ಲಿ ಕೆಲಸ ಇನ್ನೂ ಸುಲಭ. ‘ಆಕ್ಸ್’ ಅಥವಾ ‘ಟೇಪ್’ ಎಂದಿರುವ ಕಿಂಡಿ ಸಾಕು. ‘ಫೋನೊ’ ಎಂಬ ಕಿಂಡಿಗೆ ಮಾತ್ರ ಹೋಗಬಾರದು. ಹೆಸರು ಫೋನನ್ನು ನೆನಪಿಸಿದರೂ ಅದು ಮೀಸಲಾದದ್ದು ತಟ್ಟೆಯ ಮುಳ್ಳಿಗೆ. ತಟ್ಟೆಯಲ್ಲಿ ತಗ್ಗಿಸಿ ಕೊರೆದ ಮಂದ್ರಸ್ವರಗಳನ್ನು ಅದು ಮತ್ತೆ ಎತ್ತಿಕೊಡುತ್ತದೆ, ಅತಿ ಕ್ಷೀಣವಾದ ಸಂಕೇತವನ್ನು ನೂರಾರು ಪಟ್ಟು ಹಿಗ್ಗಿಸುತ್ತದೆ. ಫೋನಿನ ಹಾಡು ಅಲ್ಲಿ ಹೊಕ್ಕರೆ ಒಡೆದ ಡೋಲಿನಂತೆ ಕೇಳುತ್ತದೆ.

ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಎ.ಸಿ., ಡಿ.ಸಿ. ಎರಡರಲ್ಲೂ ನಡೆಯುವಂತೆ ಮಾಡಿದ ಹಳೆಯ ರೇಡಿಯೊಗಳಲ್ಲಿ ವಿದ್ಯುತ್ತನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಳಗಿನ ಲೋಹದ ಚೌಕಟ್ಟು ಮನೆಯ ವಿದ್ಯುತ್ ತಂತಿಗೇ ನೇರವಾಗಿ ಸೇರಿರುತ್ತದೆ. ಪ್ಲಗ್ಗು ತಿರುವುಮುರುವಾದರೆ ಆ ಚೌಕಟ್ಟಿನ ಮೇಲೆ 230 ವೋಲ್ಟು ನಿಲ್ಲುತ್ತದೆ. ಅದಕ್ಕೆ ಫೋನನ್ನು ತಂತಿಯಿಂದ ಕಟ್ಟಿದರೆ ಹಿಡಿದವರ ಕೈಗೆ ಸಾವನ್ನು ಕೊಟ್ಟಂತೆ. ಇಂಥ ರೇಡಿಯೊವನ್ನು ತಿಳಿದ ಕೆಲಸಗಾರನಿಗೆ ತೋರಿಸದೆ ಮುಟ್ಟಬಾರದು. ಟ್ರಾನ್ಸ್‌ಫಾರ್ಮರ್ ಇರುವ ರೇಡಿಯೊವನ್ನೂ ಅಟ್ಟದಿಂದ ಇಳಿಸಿದೊಡನೆ ಚಾಲೂ ಮಾಡುವುದು ತರವಲ್ಲ. ಹಳೆಯ ಕಾಗದದ ಕೆಪಾಸಿಟರುಗಳು ಕಾಲಕ್ರಮದಲ್ಲಿ ಸೋರುತ್ತವೆ. ಆ ಸೋರಿಕೆಯಿಂದ ಕೊನೆಯ ವಾಲ್ವು ಮಿತಿಮೀರಿ ಕಾಯ್ದು, ಸ್ಪೀಕರಿನ ಟ್ರಾನ್ಸ್‌ಫಾರ್ಮರನ್ನೂ ಸುಟ್ಟೀತು. ಅಗ್ಗದ ಆ ಕೆಪಾಸಿಟರುಗಳನ್ನು ಮೊದಲು ಬದಲಿಸಿದರೆ ಬೆಲೆಬಾಳುವ ವಾಲ್ವು ಉಳಿಯುತ್ತದೆ. ಈ ವಾಲ್ವುಗಳಲ್ಲಿ ಎಷ್ಟೋ ನಮ್ಮ ನಾಡಿನವೇ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ಅವನ್ನು ದೇಶಕ್ಕೆಲ್ಲ ಮಾಡಿಕೊಟ್ಟಿತು.

ಇಷ್ಟೆಲ್ಲ ಶ್ರಮ ಏಕೆ ಎಂದು ಕೇಳಬಹುದು. ಹಳೆಯ ಪೆಟ್ಟಿಗೆಯ ಧ್ವನಿ ಅಳತೆಯ ದೃಷ್ಟಿಯಿಂದ ಹೊಸದಕ್ಕಿಂತ ಮೇಲೆಂದು ಹೇಳಲಾಗದು. ಮರದ ದೊಡ್ಡ ಪೆಟ್ಟಿಗೆ, ಅಗಲವಾದ ಕಾಗದದ ಸ್ಪೀಕರು ಕಂಠಸ್ವರಕ್ಕೆ ತುಂಬುತನ ಕೊಡುತ್ತವೆಂಬುದು ನಿಜ. ಅದಕ್ಕಿಂತ ಮುಖ್ಯವಾದದ್ದು, ಅದು ಒಬ್ಬನ ಕಿವಿಯೊಳಗೆ ಅಡಗದೆ ನಡುಮನೆಯ ಎಲ್ಲರಿಗೂ ಕೇಳುತ್ತದೆ. ಕೃಷಿರಂಗವನ್ನೂ ಪ್ರದೇಶ ಸಮಾಚಾರವನ್ನೂ ಮನೆಮಂದಿಯೆಲ್ಲ ಕೂಡಿ ಕೇಳಿದ ಕಾಲ ಆ ಪೆಟ್ಟಿಗೆಯದು. ಆಕಾಶವಾಣಿಯೂ ಇಂದು ಅಂತರಜಾಲದ ಮೂಲಕ ಫೋನಿಗೆ ಬರುತ್ತದೆ. ಗೊರಗೊರ ಸದ್ದಿಲ್ಲದೆ ಬರುವ ಬೆಂಗಳೂರು ಕೇಂದ್ರ, ಫೋನಿನಿಂದ ಕಿಂಡಿಯ ಮೂಲಕ ಹಳೆಯ ರೇಡಿಯೊವನ್ನೇ ಸೇರುವುದು ಚರಿತ್ರೆಯ ಒಂದು ಸೊಗಸಾದ ತಿರುವು.

ಆದರೆ ಈ ಸಂಬಂಧ ಒಂದೇ ದಿಕ್ಕಿನದಾದರೆ ಸಾಲದು. 2016ರ ತರುವಾಯ ಮೊಬೈಲಿನ ಅಂತರಜಾಲ ಅಗ್ಗವಾಗಿ, ಲೋಕದ ಸಂಗೀತವೆಲ್ಲ ಅಂಗೈಗೆ ಬಂತೆಂಬ ಭಾವನೆ ಹರಡಿದೆ. ಎಲ್ಲವೂ ಬಂದಿಲ್ಲ, ಬಂದದ್ದೂ ನಮ್ಮದಲ್ಲ. 2019ರ ಫೆಬ್ರವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂದಿತು. ಏಪ್ರಿಲಿನಲ್ಲಿಯೇ ಸಾರೆಗಾಮದೊಡನೆ ವಿವಾದವುಂಟಾಗಿ ಆ ಕಂಪನಿಯ ಹಾಡುಗಳೆಲ್ಲ ಅಲ್ಲಿಂದ ಮರೆಯಾದವು. 2020ರ ಜೂನಿನಲ್ಲಿ ಒಪ್ಪಂದವಾದ ಮೇಲಷ್ಟೇ ಹಿಂತಿರುಗಿದವು. ಸಾರೆಗಾಮವೆಂದರೆ ಗೌಹರ್ ಜಾನ್ ಅವರನ್ನು ಮುದ್ರಿಸಿಕೊಂಡ ಆ ಗ್ರಾಮಫೋನ್ ಕಂಪನಿಯ ವಾರಸುದಾರ ಸಂಸ್ಥೆಯೇ. ಅಟ್ಟದ ಮೇಲಿನ ತಟ್ಟೆಗೆ ಇಂಥ ವ್ಯಾಜ್ಯ ತಟ್ಟುವುದಿಲ್ಲ.

ಇನ್ನು ಅಂತರಜಾಲಕ್ಕೆ ಬಾರದೆ ಉಳಿದದ್ದರ ಮಾತು. 1978ರ ‘ನಿತ್ಯೋತ್ಸವ’ದಿಂದ ಕನ್ನಡ ಭಾವಗೀತೆ ಕ್ಯಾಸೆಟ್ಟಿನ ದಾರಿ ಹಿಡಿಯಿತು, ಅದೇ ಯಂತ್ರ ಜನರ ಕೈಗೆ ಧ್ವನಿಮುದ್ರಣದ ಗುಂಡಿಯನ್ನೂ ಕೊಟ್ಟಿತು. ಮದುವೆಮನೆಯ ಸೋಬಾನೆ, ಏಕಾದಶಿಯ ಭಜನೆ, ತತ್ವಪದ, ಕೋಲಾಟದ ಹಾಡು, ಅಜ್ಜಿಯೊಬ್ಬರು ರಾಗಿ ಬೀಸುತ್ತ ಕಲಿತ ಪದ – ಇವು ಕ್ಯಾಸೆಟ್ಟುಗಳಲ್ಲಿ ಸೇರಿದ್ದುಂಟು. ಇವಕ್ಕೆ ಕಂಪನಿಯಿಲ್ಲ, ಎರಡನೆಯ ಪ್ರತಿಯಿಲ್ಲ. ಟೇಪಿನ ಕಾಂತಪದರ ಉದುರಿದರೆ, ಬೂಸು ಹಿಡಿದರೆ, ಆ ಕಂಠ ಎರಡನೆಯ ಸಲ ಸತ್ತಂತೆ.

ಹಳೆಯ ಆಂಪ್ಲಿಫೈಯರು, ಟೇಪ್ ಡೆಕ್ಕುಗಳ ಬೆನ್ನಲ್ಲಿ ಹಾಡು ಒಳಬರುವ ಕಿಂಡಿಯ ಪಕ್ಕದಲ್ಲಿಯೇ ಹೊರಹೋಗುವ ಕಿಂಡಿಯೂ ಇರುತ್ತದೆ. ಅಲ್ಲಿಂದ ಗಣಕಯಂತ್ರಕ್ಕೆ ತಂತಿ ಎಳೆದು ಧ್ವನಿಯನ್ನು ಅಂಕಿಗಳಾಗಿ ಉಳಿಸಿಕೊಳ್ಳಬಹುದು. ಸೆಕೆಂಡಿಗೆ 44,100 ಮಾದರಿಗಳ, 16 ಬಿಟ್ಟಿನ ಸಿ.ಡಿ. ಮಟ್ಟಕ್ಕೆ ಕಡಿಮೆಯಾಗದಂತೆ ಮುದ್ರಿಸಬೇಕು. ಸದ್ದುಗದ್ದಲವನ್ನು ಸೋಸುವ ಆಸೆಯಿದ್ದರೆ ಪ್ರತಿಯನ್ನು ಸೋಸಿ, ಮೂಲವನ್ನು ಇದ್ದಂತೆಯೇ ಇಡಬೇಕು. ಹಾಡಿದವರ ಹೆಸರು, ಊರು, ವರ್ಷವನ್ನು ಜೊತೆಗೇ ಬರೆಯಬೇಕು. ಇವನ್ನು ನುಡಿಸಬಲ್ಲ ಯಂತ್ರವೂ ಅದನ್ನು ರಿಪೇರಿ ಮಾಡಬಲ್ಲ ಕೈಯೂ ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ. ಗುಜರಿಗೆ ಹಾಕಿದ ಟೇಪ್ ಡೆಕ್ಕಿನೊಡನೆ ಅದು ಮಾತ್ರ ಓದಬಲ್ಲ ಹಾಡುಗಳೂ ಹೋಗುತ್ತವೆ.

ಕೊಬ್ಬರಿಯನ್ನು ಅಟ್ಟಕ್ಕೆ ಏರಿಸುವುದು ಅಲ್ಲಿಯೇ ಬಿಡುವುದಕ್ಕಲ್ಲ. ಹದ ನೋಡಿ ಇಳಿಸುವುದಕ್ಕೆ. ಇಳಿಸಲು ತಡವಾದರೆ ಹುಳು ಬೀಳುತ್ತದೆಂಬುದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಪಕ್ಕದಲ್ಲಿರುವ ಪೆಟ್ಟಿಗೆಗಳನ್ನೂ ಕ್ಯಾಸೆಟ್ಟುಗಳನ್ನೂ ಇಳಿಸುವ ಕಾಲ ಬಂದಿದೆ.